ನಾಲ್ಕನೆಯ ಮಿಂಚುಳ್ಳಿ

ಮೊನ್ನೆ ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆಯ ಮುಂದೆ ಕೂತು, ಒಂದು ತುತ್ತು ಬಾಯಿಗಿಟ್ಟು, ‘ಹೋದ ವಾರದ್ದಕ್ಕಿಂತ ಇದರ ಹದ ಚೆನ್ನಾಗಿದೆ, ಆದರೆ ಶುಂಠಿಯ ವಿಷಯದಲ್ಲಿ ಅದೇ ಒಂದು ಕೈ ಮೇಲು’ ಎಂದೆ. ಹೆಂಡತಿ ತಟ್ಟೆಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು. ‘ಹೋದ ವಾರದ್ದು ಹೋದ ವಾರವೇ ಮುಗೀತು. ಇರೋದು ಇದೊಂದೇ. ತಿನ್ನೋದಾದ್ರೆ ಬಾಯಿ ಮುಚ್ಕೊಂಡು ತಿನ್ನಿ’ ಎಂದಳು. ಬಾಯಿ ಮುಚ್ಚಿಕೊಂಡು ತಿನ್ನುವುದು ಹೇಗೆಂದು ಕೇಳುವ ಧೈರ್ಯವಾಗದೆ ಸುಮ್ಮನೆ ತಿಂದೆ.

ಯಾವುದನ್ನೂ ಅದರ ಪಾಡಿಗೆ ಅದನ್ನು ನೋಡಲು ನನಗೆ ಬರುವುದಿಲ್ಲ. ಪಕ್ಕದಲ್ಲಿ ಇನ್ನೊಂದನ್ನು ಇಟ್ಟುಕೊಂಡೇ ನೋಡಬೇಕು. ಮದುವೆಮನೆಯ ಹೋಳಿಗೆ, ಬೀಗರ ಸ್ವಭಾವ, ಈ ವರ್ಷದ ಸೆಖೆ, ಎಲ್ಲಕ್ಕೂ ನನ್ನ ಬಳಿ ಒಂದು ಹಳೆಯ ಜೊತೆ ಇದ್ದೇ ಇರುತ್ತದೆ. ಕಡಕೊಳದ ಬಣ್ಣದ ಕಾರ್ಖಾನೆಯಲ್ಲಿ ನನ್ನ ಕೆಲಸವೂ ಇದೇ. ಹೊಸದಾಗಿ ಕಲಸಿದ ಬಣ್ಣವನ್ನು ಹಳೆಯ ಮಾದರಿಯ ಪಕ್ಕ ಹಿಡಿದು, ಇದು ಅದೇ ಹೌದೋ ಅಲ್ಲವೋ ಎಂದು ಹೇಳುವುದು. ಅಲ್ಲಿಂದಲೇ ಈ ಚಟ ಹತ್ತಿತು ಎಂದು ನಮ್ಮವಳ ನಂಬಿಕೆ. ನಿಜವಾಗಿ ನೋಡಿದರೆ ಚಟ ಮೊದಲು ಬಂತು, ಸಂಬಳ ಆಮೇಲೆ ಬಂತು. ಚಟ ಹತ್ತಿಸಿದವನು ಮಿಂಚುಳ್ಳಿ.

ಮಿಂಚುಳ್ಳಿ ಎಂದರೆ ಹಕ್ಕಿಯಲ್ಲ, ಮನುಷ್ಯ. ನಾನೂ ಮಹದೇವನೂ ಕುಂಬಾರಕೊಪ್ಪಲಿನ ಒಂದೇ ಬೀದಿಯಲ್ಲಿ ಬೆಳೆದವರು. ಅವನ ಅಪ್ಪ ನಂಜನಗೂಡಿನ ಕಡೆಯ ಹಳ್ಳಿಯಿಂದ ಬಂದು ಹಳೇ ಪೇಪರ್ ಅಂಗಡಿಯಲ್ಲಿ ಮೂಟೆ ಕಟ್ಟುವ ಕೆಲಸಕ್ಕಿದ್ದರು. ಒಂದು ಸಂಜೆ ಮಗನಿಗೆಂದು ಅಂಗಡಿಯಿಂದ ಒಂದು ಚಿತ್ರಕಥೆಯ ಪುಸ್ತಕ ತಂದರು. ಇಂಗ್ಲಿಷಿನದು, ಮೇಲಿನ ರಟ್ಟು ಹರಿದುಹೋಗಿತ್ತು. ಹಾಗಾಗಿ ಅದರ ನಾಯಕನ ಹೆಸರೇನೆಂದು ನಮಗೆ ಗೊತ್ತಾಗಲೇ ಇಲ್ಲ. ಮೈಮೇಲೆ ಹೊಳೆಯುವ ನೀಲಿ ಅಂಗಿ, ಎದೆಯ ಮೇಲೆ ಕಿತ್ತಳೆ ಬಣ್ಣ, ಮೇಲಿನಿಂದ ತಲೆ ಕೆಳಗಾಗಿ ಧುಮುಕುವ ಭಂಗಿ. ಮಹದೇವ ಒಂದು ಗಳಿಗೆ ನೋಡಿ, ‘ಇವ ಮಿಂಚುಳ್ಳಿ ಕಣ್ಲಾ’ ಎಂದ. ನಾಮಕರಣ ಮುಗಿಯಿತು. ಎಷ್ಟೋ ವರ್ಷದ ಮೇಲೆ ಅವನ ನಿಜವಾದ ಹೆಸರು ತಿಳಿದಾಗ ನಮ್ಮಿಬ್ಬರಿಗೂ ಅದು ಒಂಚೂರೂ ಹಿಡಿಸಲಿಲ್ಲ.

ಉಳಿದ ವೀರರ ಹಾಗೆ ಮಿಂಚುಳ್ಳಿಗೆ ಹಾರಲು ಬರುವುದಿಲ್ಲ. ಅವನಿಗೆ ಬರುವುದು ಬೀಳುವುದು ಮಾತ್ರ. ಎಷ್ಟು ಎತ್ತರದಿಂದ ಬಿದ್ದರೂ ಏಟಾಗುವುದಿಲ್ಲ, ಅಷ್ಟೇ ಅವನ ಶಕ್ತಿ. ಹಗಲು ಹೊತ್ತು ದೊಡ್ಡ ಕಟ್ಟಡಗಳ ಕಿಟಕಿ ಗಾಜು ಒರೆಸುವ ಕೆಲಸ. ಯಾರಾದರೂ ಮೇಲಿಂದ ಬೀಳುತ್ತಿದ್ದಾರೆ ಎಂದರೆ ತಾನೂ ಧುಮುಕಿ, ನಡುವೆ ಅವರನ್ನು ಅಪ್ಪಿಕೊಂಡು, ತಾನು ಕೆಳಗೆ ಅವರು ಮೇಲೆ ಇರುವಂತೆ ನೆಲಕ್ಕೆ ಬೀಳುತ್ತಾನೆ. ಒಂದೇ ತೊಂದರೆಯೆಂದರೆ, ಧುಮುಕಬೇಕಾದರೆ ಮೊದಲು ಹತ್ತಬೇಕು. ಲೋಕವನ್ನು ಕಾಪಾಡಲು ಹೊರಟವನು ಮೆಟ್ಟಿಲು ಹತ್ತಿಕೊಂಡು ಹೋಗುತ್ತಾನಲ್ಲ, ನಾವು ಅವನಿಗೆ ಮರುಳಾದದ್ದು ಅದಕ್ಕೇ. ಹಾರುವವರ ವಿಷಯದಲ್ಲಿ ನಮಗೆ ಅಂಥ ಗೌರವವೇನೂ ಹುಟ್ಟಲಿಲ್ಲ. ರೆಕ್ಕೆ ಇದ್ದರೆ ಯಾರು ಬೇಕಾದರೂ ಹಾರುತ್ತಾರೆ.

ಬೀದಿಯ ಕೊನೆಯಲ್ಲಿ ಯಾರೋ ಮನೆ ಕಟ್ಟಿಸಲು ಮರಳು ಸುರಿಸಿದ್ದರು. ಪಕ್ಕದ ಕಾಂಪೌಂಡು ಹತ್ತಿ, ಅಮ್ಮನ ನೀಲಿ ರವಿಕೆ ಕಣವನ್ನು ಕತ್ತಿಗೆ ಕಟ್ಟಿಕೊಂಡು, ಮರಳಿನ ಮೇಲೆ ಧುಮುಕುವುದು ನಮ್ಮ ಆಟ. ಮಹದೇವ ನಿಜವಾಗಿಯೂ ಮಿಂಚುಳ್ಳಿಯ ಹಾಗೆ ಬೀಳುತ್ತಿದ್ದ. ನಾನು ಒಮ್ಮೆ ಧುಮುಕಿದೆ, ನನ್ನ ಚಡ್ಡಿ ಧುಮುಕಲಿಲ್ಲ. ಕಾಂಪೌಂಡಿನ ಮೊಳೆಗೆ ಅದು ಸಿಕ್ಕಿಕೊಂಡು, ಬೀದಿಯ ಹೆಂಗಸರೆಲ್ಲ ನೋಡುವಂತೆ ನಾನು ಗೋಡೆಯಲ್ಲಿ ನೇತಾಡಿದೆ. ನನ್ನ ಅಮ್ಮ ಬಂದು ನನ್ನನ್ನು ಬಿಡಿಸುವ ಮೊದಲು ನನ್ನ ಕತ್ತಿನಿಂದ ರವಿಕೆ ಕಣ ಬಿಚ್ಚಿಕೊಂಡಳು. ಮಗ ನೇತಾಡಿದರೆ ಪರವಾಗಿಲ್ಲ, ಬಟ್ಟೆ ಹರಿಯಬಾರದು ಎಂಬುದು ಅವಳ ಲೆಕ್ಕ.

ಹೈಸ್ಕೂಲಿನಲ್ಲಿ ವಾಸು ಬಂದು ಸೇರಿಕೊಂಡ. ಅವನದು ಅರಮನೆಯ ಲೆಕ್ಕಪತ್ರ ನೋಡಿಕೊಂಡು ಬಂದ ಮನೆತನ. ಮನೆ ತುಂಬ ಪುಸ್ತಕ, ಮಾತು ತುಂಬ ಇಂಗ್ಲಿಷು. ಮಿಂಚುಳ್ಳಿಯ ಕಥೆಗಳನ್ನು ಅವನು ಮೊದಲಿಂದ ಕೊನೆಯವರೆಗೆ ಓದಿದ್ದ. ಈಗ ಅವನು ರಾಮಕೃಷ್ಣನಗರದಲ್ಲಿ ಹಲ್ಲಿನ ಡಾಕ್ಟರು. ರೋಗಿಯ ಬಾಯಲ್ಲಿ ಎರಡು ಕೈ ಇಟ್ಟುಕೊಂಡು ತನ್ನ ಅಭಿಪ್ರಾಯ ಹೇಳುತ್ತಾನೆ. ಎದುರು ವಾದ ಬರುವುದಿಲ್ಲವಲ್ಲ, ಅದಕ್ಕೇ ಆ ಕೆಲಸ ಆರಿಸಿಕೊಂಡ ಎಂದು ಮಹದೇವ ಅನ್ನುತ್ತಿದ್ದ. ಮಹದೇವ ಗಣಿತದ ಮೇಷ್ಟ್ರಾದ. ಅವನಿಗೂ ಎದುರು ವಾದ ಬರುತ್ತಿರಲಿಲ್ಲ, ಬಂದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ.

ಇನ್ನು ಸಿನಿಮಾಗಳ ವಿಷಯ. ಮಿಂಚುಳ್ಳಿಯ ಕಥೆ ಮೂರು ಸಲ ಸಿನಿಮಾ ಆಗಿತ್ತು, ಮೂರು ಬೇರೆ ಬೇರೆ ನಟರು. ನಾವು ಅವರನ್ನು ಮೊದಲನೆಯವ, ಎರಡನೆಯವ, ಮೂರನೆಯವ ಎಂದೇ ಕರೆಯುವುದು. ಮೊದಲನೆಯವನಿಗೆ ಸ್ವಲ್ಪ ಹೊಟ್ಟೆ. ನೀಲಿ ಅಂಗಿಯ ಗುಂಡಿ ಕಷ್ಟಪಟ್ಟು ನಿಂತಿರುತ್ತದೆ. ಅರ್ಧ ಸಿನಿಮಾ ಅವನು ಮೆಟ್ಟಿಲೇ ಹತ್ತುತ್ತಾನೆ, ಏದುಸಿರು ಬಿಡುತ್ತಾನೆ, ನಡುವೆ ನಿಂತು ಬೆವರು ಒರೆಸಿಕೊಳ್ಳುತ್ತಾನೆ. ಧುಮುಕುವಾಗ ಸೊಂಟದ ತಂತಿ ಎದ್ದು ಕಾಣುತ್ತದೆ. ಮಹದೇವ ಅವನ ಭಕ್ತ. ಎರಡನೆಯವ ನಗುವುದೇ ಇಲ್ಲ. ಅವನ ಸಿನಿಮಾದಲ್ಲಿ ಸದಾ ಮಳೆ, ಸದಾ ಕತ್ತಲು. ಹಿಂದೊಮ್ಮೆ ತಮ್ಮನನ್ನು ಹಿಡಿಯಲಾಗದೆ ಹೋದ ದುಃಖವನ್ನು ಹೊತ್ತುಕೊಂಡೇ ಅವನು ಗಡಿಯಾರದ ಗೋಪುರದಿಂದ ಧುಮುಕುತ್ತಾನೆ. ವಾಸು ಅವನ ಕಡೆ. ಮೂರನೆಯವ ಎಳೆಯ ಹುಡುಗ, ಲಿಫ್ಟಿನಲ್ಲಿ ಹೋಗುತ್ತಾನೆ, ಲಿಫ್ಟಿನವನ ಜೊತೆ ತಮಾಷೆ ಮಾಡುತ್ತಾನೆ, ಆಕಾಶ ನೋಡುತ್ತ ಅಂಗಾತ ಬೀಳುತ್ತಾನೆ. ನಾನು ಅವನ ಕಡೆ. ಲಿಫ್ಟಿನಲ್ಲಿ ಹೋಗುವವನನ್ನು ಮೆಚ್ಚಿದ್ದಕ್ಕೆ ಇಬ್ಬರೂ ನನ್ನನ್ನು ಬಹಳ ದಿನ ಜಾತಿಯಿಂದ ಹೊರಗಾದವನ ಹಾಗೆ ನೋಡಿದರು.

ಭಾನುವಾರ ಬೆಳಿಗ್ಗೆ ರಾಮಕೃಷ್ಣನಗರದ ಪಾರ್ಕಿನ ಕಲ್ಲುಬೆಂಚಿನ ಮೇಲೆ ನಮ್ಮ ಸಭೆ. ಮೊದಮೊದಲು ಬರೀ ಕೂಗಾಟ. ವಾಸು ಒಮ್ಮೆ ಮೊದಲನೆಯವನ ಹೊಟ್ಟೆಯ ಬಗ್ಗೆ ಏನೋ ಅಂದದ್ದಕ್ಕೆ ಮಹದೇವ ಕಾಫಿ ಕುಡಿಯದೆ ಎದ್ದು ಹೋದ. ಮುಂದಿನ ವಾರ ಬಂದವನು ಮೇಷ್ಟ್ರ ದನಿಯಲ್ಲಿ ಒಂದು ಕಟ್ಟಳೆ ಮಾಡಿದ. ‘ನೋಡ್ರಪ್ಪ, ನಿಮ್ಮ ದೇವರ ಬಗ್ಗೆ ಮಾತಾಡೋಕೆ ಮುಂಚೆ ಇನ್ನೊಬ್ಬನ ದೇವರಿಗೆ ಕಾಣಿಕೆ ಹಾಕಬೇಕು. ಆ ಸಿನಿಮಾದಲ್ಲಿ ಚೆನ್ನಾಗಿರೋದು ಒಂದು ಏಳ್ಬೇಕು. ಸುಳ್ಳು ಏಳಂಗಿಲ್ಲ. ಒಂದ್ಸಲ ಏಳಿದ್ದು ತಿರುಗಾ ಏಳಂಗಿಲ್ಲ.’

ಇದು ಎಂಥ ಕಟ್ಟಳೆ ಎಂದು ಆಗ ಅವನಿಗೂ ಗೊತ್ತಿರಲಿಲ್ಲ. ದೊಡ್ಡ ದೊಡ್ಡ ಗುಣಗಳೆಲ್ಲ ಬೇಗ ಖರ್ಚಾಗಿಹೋದವು. ಆಮೇಲೆ ಹುಡುಕಬೇಕಾಯಿತು. ಎರಡನೆಯವನಿಗೆ ಹಾಕಲು ಕಾಣಿಕೆಯಿಲ್ಲದೆ ನಾನು ಆ ಕತ್ತಲೆ ಸಿನಿಮಾವನ್ನು ಮತ್ತೆ ಮತ್ತೆ ನೋಡಿದೆ. ಗೋಪುರದ ತುದಿಯಲ್ಲಿ ನಿಂತವನು ಮೊದಲು ಹಿಮ್ಮಡಿ ಎತ್ತುತ್ತಾನೆ ಎಂದು ಕಂಡುಹಿಡಿದು ಹೇಳಿದಾಗ ವಾಸುವಿಗೇ ಅದು ಗೊತ್ತಿರಲಿಲ್ಲ. ವಾಸು ನನ್ನ ಮೂರನೆಯವನ ಬಗ್ಗೆ, ‘ಬೀಳುವಾಗ ಅವನ ಕಣ್ಣಲ್ಲಿ ಮೋಡ ಕಾಣತ್ತೆ ಕಣಯ್ಯ, ನೋಡಿದ್ಯಾ?’ ಎಂದ. ನೋಡಿರಲಿಲ್ಲ. ಮನೆಗೆ ಹೋಗಿ ನೋಡಿದೆ, ಇತ್ತು. ನನ್ನ ಸಿನಿಮಾದ ಚೆಲುವು ನನಗಿಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೀಗೆ ವರ್ಷ ಕಳೆದಂತೆ ಜಗಳ ಹಾಗೇ ಉಳಿಯಿತು, ಆದರೆ ಒಬ್ಬರ ದೇವರನ್ನು ಇನ್ನೊಬ್ಬರು ಮನಸಾರೆ ಮೆಚ್ಚತೊಡಗಿದೆವು. ಮನೆಮನೆಯಲ್ಲೂ ಈ ಕಟ್ಟಳೆ ತಂದರೆ ಒಳ್ಳೆಯದೆಂದು ನನಗೆ ತೋರುತ್ತದೆ. ನಮ್ಮ ಮನೆಯಲ್ಲಿ ಹೇಳಿ ನೋಡಿದೆ. ‘ಮೊದಲು ನನ್ನ ತವರಿಗೆ ಒಂದು ಕಾಣಿಕೆ ಹಾಕಿ’ ಎಂದಳು ಹೆಂಡತಿ. ಇನ್ನೂ ಯೋಚಿಸುತ್ತಿದ್ದೇನೆ.

ಪಾರ್ಕಿನಲ್ಲಿ ವಾಕಿಂಗಿಗೆ ಬರುವ ಒಬ್ಬ ಅಜ್ಜಿ ಪಕ್ಕದ ಬೆಂಚಿನಲ್ಲಿ ಕೂತು ಬಹಳ ವಾರ ನಮ್ಮ ಮಾತು ಕೇಳಿಸಿಕೊಂಡಿದ್ದರು. ಒಂದು ದಿನ ತಡೆಯಲಾರದೆ ಹತ್ತಿರ ಬಂದು, ‘ಅಲ್ಲ ಕಣ್ರಪ್ಪ, ಆ ನಿಮ್ಮ ಹುಡುಗ ಅಷ್ಟು ಸಲ ಬಿದ್ನಲ್ಲ, ಈಗ ಹೇಗಿದ್ದಾನೆ?’ ಎಂದು ಕೇಳಿದರು. ಏಟಾಗಿಲ್ಲ, ಚೆನ್ನಾಗಿದ್ದಾನೆ ಎಂದ ಮಹದೇವ. ಅಜ್ಜಿ ಚಾಮುಂಡಿಬೆಟ್ಟದ ಕಡೆ ತಿರುಗಿ ಕೈ ಮುಗಿದು, ಇನ್ನಾದರೂ ಅವನನ್ನು ಮೇಲೆ ಹತ್ತಲು ಬಿಡಬೇಡಿ ಎಂದು ಹೇಳಿ ಹೋದರು.

ಮಹದೇವನ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದದ್ದು ಆಮೇಲೆ. ಮೊದಲು ಬೋರ್ಡಿನ ಮೇಲೆ ತಾನೇ ಬರೆದ ಲೆಕ್ಕ ಮಸುಕಾಯಿತು. ಲೇಸರ್ ಆಯಿತು, ಸೂಜಿ ಆಯಿತು, ಆಪರೇಷನ್ ಆಯಿತು. ಸ್ವಲ್ಪ ಸ್ವಲ್ಪವೇ ಎಂದುಕೊಳ್ಳುತ್ತಲೇ ದೃಷ್ಟಿ ಪೂರ್ತಿ ಹೋಯಿತು. ಅಷ್ಟಾದರೂ ಕೆಲವು ವಾರ ಅವನ ಹೆಂಡತಿ ರತ್ನಕ್ಕನ ಕೈ ಹಿಡಿದು ಪಾರ್ಕಿಗೆ ಬಂದ. ಆಮೇಲೆ ಬರುವುದನ್ನು ನಿಲ್ಲಿಸಿಬಿಟ್ಟ. ನಾವು ಕರೆಯಲು ಹೋದರೆ ತಲೆನೋವು ಎಂದ, ನೆಂಟರು ಬಂದಿದ್ದಾರೆ ಎಂದ. ನಾಲ್ಕನೆಯ ಮಿಂಚುಳ್ಳಿ ಬರುತ್ತಿದ್ದಾನೆ, ಈ ಸಲ ಹೊಸ ನಟ ಎಂದು ಪೇಪರಿನಲ್ಲಿ ಬಂದ ದಿನ ಮಾತ್ರ ನಿಜ ಹೇಳಿದ.

‘ಇನ್ಮೇಲೆ ನೀವು ಮಾತಾಡೋದೆಲ್ಲ ಅವನ ವಿಷಯಾನೇ ಕಣೋ. ನಾನು ನೋಡದೆ ಇರೋನಿಗೆ ನಾನೇನು ಕಾಣಿಕೆ ಆಕ್ಲಿ? ಅಲ್ಲಿ ಬಂದು ಕಲ್ಲಿನಂಗೆ ಕೂತ್ಕೊಳ್ಳೋಕೆ ಕಲ್ಲುಬೆಂಚು ಮೊದಲೇ ಇದೆ. ನನ್ನ ಬುಟ್ಬುಡಿ.’

ವಾಸುವೂ ನಾನೂ ಎದ್ದು ಬಂದೆವು. ಆಮೇಲಿನ ಭಾನುವಾರಗಳು ಸಪ್ಪಗಾದವು. ಇಬ್ಬರೇ ಜಗಳವಾಡಿದರೆ ಅದು ಗಂಡಹೆಂಡಿರ ಜಗಳದ ಹಾಗೆ ಆಗುತ್ತದೆ, ನಡುವೆ ನಗುವವರು ಇರುವುದಿಲ್ಲ. ಮಹದೇವ ಹೀಗೆಯೇ ಮನೆಯೊಳಗೆ ಉಳಿದುಬಿಟ್ಟರೆ ಏನು ಗತಿ ಎಂದು ನನಗೆ ನಿಜವಾಗಿ ಹೆದರಿಕೆಯಾಯಿತು. ನಮ್ಮ ಸಿನಿಮಾ ಮಾತು ಹುಡುಗಾಟದ್ದೇ ಇರಬಹುದು. ಆದರೆ ಅವನು ಬಾಗಿಲು ಹಾಕಿಕೊಳ್ಳುತ್ತಿದ್ದದ್ದು ಹುಡುಗಾಟವಾಗಿರಲಿಲ್ಲ.

ನಾಲ್ಕನೆಯವನು ತೆರೆಗೆ ಬಂದ ವಾರ ನಾವಿಬ್ಬರೂ ಮಹದೇವನ ಮನೆಗೆ ಹೋದೆವು. ಗೋಡೆಯ ಮೇಲಿನ ಬುದ್ಧನ ಪಟದ ಕೆಳಗೆ ಕುರ್ಚಿ ಹಾಕಿಕೊಂಡು ಅವನು ರೇಡಿಯೋ ಕೇಳುತ್ತಿದ್ದ. ರತ್ನಕ್ಕ ಹಿತಕವರೆಗೆಂದು ನೆನೆಸಿದ ಅವರೆಕಾಳು ಹಿಸುಕಿ ಸಿಪ್ಪೆ ತೆಗೆಯುತ್ತಿದ್ದರು. ಸಿನಿಮಾಕ್ಕೆ ಬಾ, ನಾವು ಪಕ್ಕದಲ್ಲಿ ಕೂತು ಹೇಳುತ್ತೇವೆ ಎಂದೆವು.

‘ಕಣ್ಣಿಲ್ದೋನ್ನ ಸಿನಿಮಾಕ್ಕೆ ಕರಕೊಂಡು ಓಯ್ತಾರಂತೆ. ಎಂಥ ಗೆಳೆಯರಪ್ಪ!’ ಎಂದ.

ರತ್ನಕ್ಕ ತಲೆ ಎತ್ತದೆ ಹೇಳಿದರು: ‘ಓಗ್ಬನ್ನಿ. ಇಲ್ಲಿ ಕೂತು ದಿನಾ ರೇಡಿಯೋಗೆ ಬೈತೀರಿ, ಅದು ತಿರುಗಿ ಮಾತಾಡಲ್ಲ. ಅಲ್ಲೋಗಿ ಇವರಿಗೆ ಬಯ್ರಿ. ನೀವು ಕರ್ಕೊಂಡೋಗ್ರಣ್ಣ, ಬರ್ತಾರೆ.’

ಅವನು ಬಂದ. ಒಂದೇ ಷರತ್ತು: ಪಾಪ ಅನ್ನಬಾರದು.

ವಾರದ ನಡುವಿನ ಬೆಳಗಿನ ಆಟ. ಶಾಪಿಂಗ್ ಮಾಲಿನ ಮೇಲಂತಸ್ತಿನ ಥಿಯೇಟರಿನಲ್ಲಿ ಜನ ಕಡಿಮೆ. ಬಾಗಿಲಲ್ಲಿ ನಿಂತಿದ್ದ ಹುಡುಗಿ ತ್ರೀ-ಡಿ ಕನ್ನಡಕ ಹಂಚುತ್ತಿದ್ದಳು. ಮಹದೇವನ ಕಡೆ ನೋಡಿ ಅನುಮಾನಿಸಿದಳು. ‘ನಂದೂ ಟಿಕೆಟ್ ಐತಮ್ಮ, ಕೊಡು’ ಎಂದು ಕೈ ಚಾಚಿ ತೆಗೆದುಕೊಂಡು, ತನ್ನ ಕಪ್ಪು ಕನ್ನಡಕದ ಮೇಲೆಯೇ ಅದನ್ನೂ ಏರಿಸಿಕೊಂಡ. ನಾವು ಅವನನ್ನು ನಡುವೆ ಕೂರಿಸಿಕೊಂಡು ಆ ಕಡೆ ಈ ಕಡೆ ಕೂತೆವು.

ಶುರುವಾಯಿತು. ನಾನು ಅವನ ಕಿವಿಯಲ್ಲಿ ಹೇಳತೊಡಗಿದೆ. ಒಂದು ಊರು. ಒಂದು ಕಟ್ಟಡ. ಎತ್ತರವಾಗಿದೆ. ಮೇಲೆ ಒಬ್ಬ ನಿಂತಿದ್ದಾನೆ. ಬಟ್ಟೆ ನೀಲಿ. ನನ್ನ ಮಾತು ನನಗೇ ಒಣಒಣವಾಗಿ ಕೇಳಿಸಿತು.

‘ಎಷ್ಟೆತ್ತರ? ಎಂಗೆ ನಿಂತವ್ನೆ?’ ಎಂದ ಮಹದೇವ. ನಾನು ತಡವರಿಸಿದೆ. ತುಂಬ ಎತ್ತರ, ನೆಟ್ಟಗೆ ನಿಂತಿದ್ದಾನೆ ಎಂದೆ. ಅವನ ಮುಖ ಹಾಗೇ ಇತ್ತು, ಏನೂ ಕಂಡಿರಲಿಲ್ಲ. ಇವನನ್ನು ಯಾಕಾದರೂ ಕರೆದುಕೊಂಡು ಬಂದೆವೋ ಅಂದುಕೊಂಡೆ.

ಆಗ ಆ ಕಡೆಯಿಂದ ವಾಸು ಬಾಗಿದ. ‘ಮಹದೇವ, ಎರಡನೆಯವನ ಗಡಿಯಾರದ ಗೋಪುರ ಇದ್ಯಲ್ಲ, ಇದು ಅದರ ಎರಡರಷ್ಟು. ಕಾಲು ಮೊದಲನೆಯವನ ಥರ ಅಗಲಿಸಿಕೊಂಡಿದ್ದಾನೆ. ಕತ್ತು ಮಾತ್ರ ಮೂರನೆಯವನ ಹಾಗೆ, ಸ್ವಲ್ಪ ಎಡಕ್ಕೆ ವಾಲಿದೆ.’

‘ಆಂ!’ ಎಂದ ಮಹದೇವ. ಬೆನ್ನು ನೆಟ್ಟಗಾಯಿತು. ‘ನಿಂತ ನೋಡು ಈಗ.’

ಆಮೇಲೆ ನಮಗೆ ದಾರಿ ಸಿಕ್ಕಿತು. ಅವನ ತಲೆಯೊಳಗೆ ಮೂರು ಸಿನಿಮಾ ಒಂದು ಚೂರೂ ಮಾಸದೆ ಕೂತಿದ್ದವು. ನಾವು ವರ್ಷಗಟ್ಟಲೆ ಹಾಕಿದ ಕಾಣಿಕೆಗಳು ಅಲ್ಲಿ ಭದ್ರವಾಗಿದ್ದವು. ಅವುಗಳಲ್ಲಿ ಒಂದೊಂದನ್ನು ಮುಟ್ಟಿ ತೋರಿಸಿದರೆ ಸಾಕಾಗಿತ್ತು. ಮಳೆ ಎರಡನೆಯವನದೇ, ಆದರೆ ಹನಿ ದಪ್ಪ. ನಗು ಮೂರನೆಯವನದು, ತುಟಿಯವರೆಗೆ ಬಂದು ನಿಂತಿದೆ. ‘ನೀಲಿ ಯಾವ ನೀಲಿ?’ ಎಂದು ಕೇಳಿದಾಗ ನನ್ನ ಕಸುಬು ಎದ್ದು ನಿಂತಿತು. ಮೂರನೆಯವನದಕ್ಕಿಂತ ಒಂದು ಪಾಲು ಕಪ್ಪು ಹೆಚ್ಚು ಎಂದೆ. ‘ನಿನ್ನ ಕಡಕೊಳದ ಡಬ್ಬ ಇಲ್ಲಿ ಬಿಚ್ಚಬೇಡ. ರತ್ನನ ರೇಷ್ಮೆ ಸೀರೆ ನೀಲಿನಾ?’ ಎಂದ. ಅದೇ, ಆದರೆ ನೆರಳಲ್ಲಿ ನೋಡಿದ ಹಾಗೆ ಎಂದೆ. ಸರಿ ಎಂದು ತಲೆಯಾಡಿಸಿದ.

ಈ ನಾಲ್ಕನೆಯವನು ಮೆಟ್ಟಿಲು ಹತ್ತುತ್ತಾನೆ. ‘ಮೊದಲನೆಯವನ ಹಾಗೇ ಕಣೋ, ಏದುಸಿರು, ಬೆವರು, ನಡುವೆ ನಿಲ್ಲೋದು, ಎಲ್ಲ ಅದೇ. ಹೊಟ್ಟೆ ಮಾತ್ರ ಇಲ್ಲ’ ಎಂದೆ.

‘ಒಟ್ಟೆ ನಾನು ಆಕ್ಕೋತೀನಿ ಬುಡು’ ಎಂದ.

ಹಿಂದಿನ ಸಾಲಿನಲ್ಲಿ ಕೂತಿದ್ದ ಕಾಲೇಜು ಹುಡುಗಿಯೊಬ್ಬಳು ‘ಅಂಕಲ್, ಸ್ವಲ್ಪ ಮೆತ್ತಗೆ’ ಎಂದು ಗದರಿದಳು. ನಾವು ದನಿ ತಗ್ಗಿಸಿದೆವು. ಸ್ವಲ್ಪ ಹೊತ್ತಿಗೆ ಅವಳೇ ಮುಂದಕ್ಕೆ ಬಾಗಿ, ‘ಬಲಗೈ ಅಲ್ಲ ಅಂಕಲ್, ಎಡಗೈಲಿ ಹಿಡ್ಕೊಂಡಿರೋದು’ ಎಂದು ನನ್ನನ್ನು ತಿದ್ದಿದಳು. ‘ನೋಡು, ಆ ಮಗೂಗೆ ಇರೋ ಕಣ್ಣು ನಿನಗಿಲ್ಲ’ ಎಂದ ಮಹದೇವ. ಈ ಮಾತನ್ನು ಅವನೇ ಹೇಳಿದ್ದರಿಂದ ನಾವೂ ಧೈರ್ಯವಾಗಿ ನಕ್ಕೆವು.

ಕೊನೆಯ ಧುಮುಕು. ಅರ್ಧ ಕಟ್ಟಿದ ಸೇತುವೆಯ ಕಂಬದ ತುದಿಯಿಂದ ಒಬ್ಬ ಮುದುಕಿ ಜಾರಿ ಬೀಳುತ್ತಾಳೆ. ಅವನು ಹಿಂದೆಯೇ ಬೀಳುತ್ತಾನೆ. ‘ಹಿಮ್ಮಡಿ ಎತ್ತಿದ, ಎರಡನೆಯವನೇ’ ಎಂದ ವಾಸು. ‘ಅಂಗಾತ ಬಿದ್ದ, ಮೂರನೆಯವನೇ, ಕಣ್ಣಲ್ಲಿ ಮೋಡ ಇದೆ’ ಎಂದೆ ನಾನು. ‘ಇಲ್ಲ ಇಲ್ಲ, ತಿರುಗಿದ, ತಲೆ ಕೆಳಗಾದ, ನಮ್ಮ ಹರಿದ ಪುಸ್ತಕದಲ್ಲಿದ್ದ ಹಾಗೇ’ ಎಂದು ಇಬ್ಬರೂ ಒಟ್ಟಿಗೆ ಹೇಳಿದೆವು. ‘ಮುದುಕೀನ ತಬ್ಬಿಕೊಂಡ. ತಾನು ಕೆಳಗೆ ಬಂದ.’ ಮಹದೇವನ ಎರಡು ಕೈಯೂ ಮುಂದಿನ ಸೀಟಿನ ಬೆನ್ನನ್ನು ಬಿಗಿಯಾಗಿ ಹಿಡಿದಿದ್ದವು. ಎರಡು ಕನ್ನಡಕದ ಅಡಿಯಿಂದ ನೀರು ಇಳಿದು ಮೀಸೆಗೆ ಬಂದಿತ್ತು. ಅದನ್ನೇ ನೋಡುತ್ತ ನಾನು ಪರದೆಯನ್ನು ಮರೆತೆ. ‘ಮಾತಾಡೋ, ಯಾಕೆ ನಿಲ್ಲಿಸ್ದೆ? ನೆಲಕ್ಕೆ ಬಿದ್ನಾ?’ ಎಂದು ತಿವಿದ.

ಹೊರಗೆ ಬಂದು ಕಾಫಿಗೆ ಕೂತಾಗ ನಾನೂ ವಾಸುವೂ ಮುಖ ಮುಖ ನೋಡಿಕೊಂಡೆವು. ಸುಳ್ಳು ಹೇಳಬಾರದೆಂಬ ಕಟ್ಟಳೆ ಇದೆಯಲ್ಲ, ಅದಕ್ಕೇ ಹೇಳಿಬಿಡುತ್ತೇನೆ. ಸಿನಿಮಾ ಅಷ್ಟಕ್ಕಷ್ಟೇ. ಇಲ್ಲಿಂದ ಒಂದು, ಅಲ್ಲಿಂದ ಒಂದು ಎತ್ತಿ ಹೊಲಿದ ಕೌದಿ. ವಾಸು ಮೆಲ್ಲಗೆ, ‘ಹೇಗನ್ನಿಸ್ತು ಮಹದೇವ?’ ಎಂದ.

‘ನಾನು ಇವತ್ತಿಂದ ನಾಲ್ಕನೆಯವನ ಕಡೆ’ ಎಂದ ಮಹದೇವ.

ಹಿಂದೊಮ್ಮೆ ಮೊದಲನೆಯವನ ಹೊಟ್ಟೆಗಾಗಿ ಕಾಫಿ ಬಿಟ್ಟು ಎದ್ದುಹೋಗಿದ್ದವನು ಇವನೇನಾ ಎಂದು ನಾವು ಬೆರಗಾದೆವು. ಮುಂದಿನ ಭಾನುವಾರ ರತ್ನಕ್ಕನಿಗಿಂತ ಮೊದಲೇ ತಯಾರಾಗಿ ಪಾರ್ಕಿಗೆ ಬಂದ. ಅಂದಿನಿಂದ ಅವನ ವಾದದ ಮುಂದೆ ನಮ್ಮದು ನಡೆಯುತ್ತಿಲ್ಲ. ನಾಲ್ಕನೆಯವನು ಮೆಟ್ಟಿಲು ಹತ್ತಿದ್ದನ್ನು, ಮಳೆಯಲ್ಲಿ ನಿಂತದ್ದನ್ನು, ಮೂರು ಥರವಾಗಿ ಬಿದ್ದದ್ದನ್ನು ಅವನು ಹೇಳಿದರೆ ಅಂಥ ವೀರ ಹಿಂದೆ ಹುಟ್ಟಿಲ್ಲ ಅನ್ನಿಸುತ್ತದೆ. ಪಕ್ಕದ ಬೆಂಚಿನ ಅಜ್ಜಿ ಈಗ ನಮ್ಮ ಬೆಂಚಿಗೇ ಬಂದು ಕೂತು ಕೇಳುತ್ತಾರೆ.

ನಾನು ಯಾರಿಗೂ ಹೇಳದೆ ಒಂದು ದಿನ ಒಬ್ಬನೇ ಹೋಗಿ ಆ ಸಿನಿಮಾವನ್ನು ಇನ್ನೊಮ್ಮೆ ನೋಡಿದೆ. ಮಹದೇವ ಹೇಳುವ ಮಿಂಚುಳ್ಳಿ ಅಲ್ಲಿ ಎಲ್ಲೂ ಇರಲಿಲ್ಲ. ಪಕ್ಕದ ಸೀಟು ಖಾಲಿ ಇತ್ತು, ಕಿವಿಯಲ್ಲಿ ಹೇಳುವುದಕ್ಕೆ ಯಾರೂ ಇರಲಿಲ್ಲ, ಪರದೆಯ ಮೇಲೆ ಯಾರೋ ಒಬ್ಬ ನೀಲಿ ಬಟ್ಟೆಯವನು ಬೀಳುತ್ತಿದ್ದ. ನಡುವೆಯೇ ಎದ್ದು ಬಂದೆ.

ಕಳೆದ ಭಾನುವಾರ ಸೋತು ಕೇಳಿಬಿಟ್ಟೆ. ‘ಮಹದೇವ, ಆ ಸೇತುವೆ ಮೇಲಿಂದ ಬೀಳ್ತಾನಲ್ಲ, ಅದನ್ನ ಇನ್ನೊಂದ್ಸಲ ಹೇಳೋ.’

‘ನೀನೇ ಅಲ್ವೇನೋ ನೋಡಿದ್ದು?’ ಎಂದ.

‘ನಾನೆಲ್ಲಿ ನೋಡಿದೆ? ನಿನಗೆ ಹೇಳ್ತಾ ಇದ್ದೆ’ ಎಂದೆ.

ಅವನು ಗಂಟಲು ಸರಿಮಾಡಿಕೊಂಡ. ವಾಸು ಕಾಫಿ ಲೋಟವನ್ನು ಕೆಳಗಿಟ್ಟು ಹತ್ತಿರ ಸರಿದು ಕೂತ.